ಎರಡನೇ ಮಹಡಿಗೆ ಅಪ್ಪಣೆ

ಮನೆ ಬಾಡಿಗೆಗಿದೆ ಎಂದು ದೊಡ್ಡ ಅಕ್ಷರದ ಬೋರ್ಡು ನೇತು ಹಾಕಿದವರ ಬಾಯಿಂದಲೇ ಮನೆ ಇಲ್ಲ ಎನ್ನಿಸುವುದು ಎಷ್ಟು ಸುಲಭ ಎಂಬುದು ಇಂದುವಿಗೆ ಗೊತ್ತಿದ್ದಷ್ಟು ತಣಿಸಂದ್ರದ ಬ್ರೋಕರುಗಳಿಗೂ ಗೊತ್ತಿರಲಿಲ್ಲ. ಏನೂ ಮಾಡಬೇಕಿಲ್ಲ, ಬರುವವನ ಹೆಸರೊಂದನ್ನು ಬದಲಾಯಿಸಿದರೆ ಸಾಕು.

ಇಂದು ಬಾಗಲೂರು ರಸ್ತೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಪಾಠ ಮಾಡುವವಳು. ದೇವರು, ಧರ್ಮ, ಒಳ್ಳೆಯದು ಕೆಟ್ಟದ್ದು, ಇನ್ನೊಬ್ಬರನ್ನು ಕಂಡರಾಗದಿರುವುದು, ಇವೆಲ್ಲ ಮನುಷ್ಯನ ತಲೆಯೊಳಗೆ ಒಂದಕ್ಕೊಂದು ಹೇಗೆ ಅಂಟಿಕೊಂಡಿರುತ್ತವೆ ಎಂದು ನೋಡುವುದೇ ಅವಳ ಸಂಶೋಧನೆ. ಹೇಳುವುದಕ್ಕೆ ಬಹಳ ದೊಡ್ಡ ವಿಷಯ. ಮಾಡುವುದಕ್ಕೆ ಮಾತ್ರ ಬಿಸಿಲಲ್ಲಿ ಗಲ್ಲಿ ಗಲ್ಲಿ ಅಲೆದು, ನಾಯಿ ಬೊಗಳಿಸಿಕೊಂಡು, ಮನೆ ಮಾಲೀಕರ ಜಗಲಿಯ ಮೇಲೆ ಕೂತು ಮಾತಾಡಿಸುವ ಕೆಲಸ. ತಣಿಸಂದ್ರ, ಶೆಟ್ಟಿಹಳ್ಳಿ, ಯಲಹಂಕದ ಹಳೇ ಊರು ಎಲ್ಲ ಕಡೆಯೂ ಅವಳು, ಅವಳ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಜಬೀನ್ ಓಡಾಡಿದ್ದರು.

ಮಾಲೀಕರ ಮುಂದೆ ಅವರು ಒಂದು ಕುಟುಂಬದ ಕಥೆ ಹೇಳುತ್ತಿದ್ದರು. ಗಂಡನಿಗೆ ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸ, ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ, ಮಕ್ಕಳು ಸ್ಕೂಲಿಗೆ ಹೋಗುತ್ತವೆ, ಅಡ್ವಾನ್ಸ್ ರೆಡಿ ಇದೆ. ಇಂಥವರು ನಿಮ್ಮ ಮನೆ ಕೇಳಿಕೊಂಡು ಬಂದರೆ ಕೊಡುತ್ತೀರಾ? ಕೆಲವರಿಗೆ ಆ ಗಂಡನ ಹೆಸರು ನಾಗೇಶ್ ಎಂದು ಹೇಳಿದರು, ಉಳಿದವರಿಗೆ ಅರ್ಮಾನ್ ಎಂದು. ಮಿಕ್ಕದ್ದೆಲ್ಲ ಒಂದೇ. ನಾಗೇಶನಾದರೆ ಬಂದು ನೋಡಲಿ ಬಿಡಿ ಎಂದರು. ಅರ್ಮಾನ್ ಎಂದ ತಕ್ಷಣ ಮನೆಗೆ ಪೇಂಟು ಮಾಡಿಸುವುದಿತ್ತು, ಊರಿಂದ ತಮ್ಮನ ಮಗ ಬರುವವನಿದ್ದ, ಇಲ್ಲವೇ ನಮ್ಮದೇನೂ ಇಲ್ಲ ಮೇಡಂ, ಅಕ್ಕಪಕ್ಕದವರು ಒಪ್ಪಬೇಕಲ್ಲ. ಇದು ಊಹೆಯ ಕುಟುಂಬ ಕಣ್ರೀ, ಯಾರೂ ಬರುತ್ತಿಲ್ಲ ಎಂದು ಮೊದಲೇ ಹೇಳಿದ್ದರು. ಆದರೂ ಇಲ್ಲದ ಅರ್ಮಾನನಿಗೆ ಮನೆ ತಪ್ಪಿಸಲು ಇವರು ಇಲ್ಲದ ತಮ್ಮನ ಮಗನನ್ನು ಹುಟ್ಟಿಸಿದರು. ಎಂಥಾ ಜನ ನೋಡಿ!

ಆರ್.ಟಿ. ನಗರದಲ್ಲಿ ಮುಸ್ಲಿಂ ಮಾಲೀಕರಿಗೆ ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದ್ದರು. ಅಲ್ಲಿ ಪೇಂಟು ಬೇಕಾದದ್ದು ನಾಗೇಶ್ ಬರುವ ಮನೆಗೆ. ಯಾರ ಮನೆ ದೋಸೆಯೂ ತೂತಿಲ್ಲದೆ ಇರಲಿಲ್ಲ.

ಆದರೆ ಸಂಶೋಧನೆಯ ಅಸಲು ಭಾಗ ಬೇರೆ. ಅರ್ಧ ಜನಕ್ಕೆ ಅವರು ಪ್ರಶ್ನೆಯನ್ನೇ ಬೇರೆ ರೀತಿ ಕೇಳಿದ್ದರು. ನೀವು ಕೊಡುತ್ತೀರಾ ಎಂದಲ್ಲ, ನಿಮ್ಮ ಮನೆದೇವರು ಏನು ಹೇಳಬಹುದು ಎಂದು. ಆಗ ನೋಡಬೇಕಿತ್ತು ಮುಖಗಳನ್ನು. ಮಾತು ತಟ್ಟನೆ ನಿಂತು, ಕಣ್ಣು ಗೋಡೆಯ ಮೇಲಿನ ಪಟದ ಕಡೆಗೆ ಹೋಗುತ್ತಿತ್ತು. ಸ್ವಲ್ಪ ಹೊತ್ತು ಕೆಮ್ಮಿ, ತಲೆ ಕೆರೆದುಕೊಂಡು, ಆ ತಾಯಿಗೇನು ಮೇಡಂ, ಅವಳಿಗೆಲ್ಲ ಒಂದೇ, ಕೊಡು ಅಂತಾಳೆ ಎನ್ನುತ್ತಿದ್ದರು. ಎಲ್ಲರೂ ಅಲ್ಲ, ಆದರೆ ಇಂದು ಎಣಿಸಿಕೊಂಡಿದ್ದಕ್ಕಿಂತ ಎಷ್ಟೋ ಹೆಚ್ಚು ಜನ. ಅಂದರೆ ಈ ಜನಕ್ಕೆ ತಮ್ಮ ದೇವರು ತಮಗಿಂತ ಒಳ್ಳೆಯವರು ಎಂದು ಒಳಗೊಳಗೇ ಚೆನ್ನಾಗಿ ಗೊತ್ತಿದೆ. ಇಂದು ಹೀಗೇ ಬರೆದಳು. ಕೊನೆಗೊಂದು ಸಲಹೆಯನ್ನೂ ಸೇರಿಸಿದಳು: ಇಂಥ ತೀರ್ಮಾನ ಮಾಡುವ ಮೊದಲು ನಮ್ಮ ದೇವರು ಏನು ಹೇಳುತ್ತಾರೆ ಎಂದು ಕೇಳಿಕೊಳ್ಳುವ ಅಭ್ಯಾಸ ಬೆಳೆದರೆ ಸಮಾಜಕ್ಕೆ ಒಳ್ಳೆಯದು.

ವಿಭಾಗದ ಮುಖ್ಯಸ್ಥ ನಂದಕುಮಾರ್ ಅವರಿಗೆ ಆ ಸಲಹೆ ಎಷ್ಟು ಹಿಡಿಸಿತೆಂದರೆ ಅದನ್ನು ಆಡಳಿತ ಮಂಡಳಿಯವರಿಗೂ ಓದಿ ಹೇಳಿದರು. ಮಂಡಳಿಯವರು ಕೊನೆಯ ಸಾಲು ಹಿಡಿದುಕೊಂಡು ಮೊದಲಿನದ್ದನ್ನೆಲ್ಲ ಬಿಟ್ಟರು. ದೇವರನ್ನು ನೆನೆದರೆ ಮನುಷ್ಯ ಒಳ್ಳೆಯವನಾಗುತ್ತಾನೆ, ನಮ್ಮ ವಿಶ್ವವಿದ್ಯಾಲಯದ ಸಂಶೋಧನೆ ಎಂದು ಗೇಟಿನ ಮೇಲೆ ಬ್ಯಾನರ್ ಕಟ್ಟಿಸುವ ಮಾತೂ ಆಯಿತು. ದೇವರನ್ನು ನೆನೆಯದೆ ಇದ್ದಾಗ ಆ ಮನುಷ್ಯ ಏನು ಮಾಡಿದ ಎಂಬುದು ಯಾರಿಗೂ ಬೇಡವಾಗಿತ್ತು.

ಇಷ್ಟರಲ್ಲಿ ಜಬೀನಳ ಮನೆಗೇ ಕುತ್ತು ಬಂತು. ಅವಳು ಮತ್ತು ಅವಳ ತಾಯಿ ನಜ್ಮುನ್ನೀಸಾ ಆರ್.ಟಿ. ನಗರದಲ್ಲಿ ಬಾಡಿಗೆಗಿದ್ದ ಹಳೇ ಕಟ್ಟಡವನ್ನು ಮಾಲೀಕ ಮಾರಿಬಿಟ್ಟಿದ್ದ. ತಿಂಗಳ ಕೊನೆಗೆ ಕೆಡವುವವರು ಬರುತ್ತಾರೆ, ಅಷ್ಟರಲ್ಲಿ ಖಾಲಿ ಮಾಡಿ ಎಂದಾಗಿತ್ತು. ಜಬೀನ್ ಕಾಲೇಜಿಗೆ ಹತ್ತಿರವಾಗಲಿ ಎಂದು ತಣಿಸಂದ್ರದ ಕಡೆ ಹುಡುಕುತ್ತಿದ್ದಳು. ಹಗಲೆಲ್ಲ ಅರ್ಮಾನನಿಗೆ ಸಿಕ್ಕ ಬೇಡ ಎಂಬ ಉತ್ತರಗಳನ್ನು ಜೋಡಿಸಿಡುವುದು, ಸಂಜೆ ತನಗಾಗಿಯೇ ಕೇಳಿ ಅದೇ ಉತ್ತರ ಪಡೆಯುವುದು. ಒಂದು ಮನೆಯಲ್ಲಂತೂ ಅದೇ ತಮ್ಮನ ಮಗ ಮತ್ತೆ ಬಂದನಂತೆ. ಈ ಮಾತನ್ನು ಅವಳು ನಗುತ್ತಲೇ ಹೇಳಿದ್ದು. ಕ್ಯಾಂಟೀನಿನ ಟೇಬಲ್ಲಿನ ಆ ಕಡೆ ಕೂತಿದ್ದ ಇಂದುವಿಗೆ ಮಾತ್ರ ಮೈ ಉರಿದುಹೋಯಿತು. ನಮ್ಮ ಮನೆಯ ಎರಡನೇ ಮಹಡಿ ಖಾಲಿ ಇದೆ, ನೀನು ಅಮ್ಮನನ್ನು ಕರೆದುಕೊಂಡು ಬಂದುಬಿಡು ಎಂದಳು.

ಜಬೀನ್ ಚಹಾದ ಲೋಟ ಕೆಳಗಿಟ್ಟಳು.

"ಮನೇಲಿ ಕೇಳಿದ್ರಾ ಮೇಡಂ?"

ಕೇಳುವುದೇನು, ಅದು ನನ್ನ ಪಾಲಿನ ಮಹಡಿ ಎಂದಳು ಇಂದು. ಊರಿನವರನ್ನೆಲ್ಲ ಕೇಳಿ ಬಂದಿದ್ದ ವಿದ್ವಾಂಸೆ ತನ್ನ ಮನೆಯೊಂದನ್ನು ಬಿಟ್ಟಿದ್ದಳು!

ಆ ಮನೆಯ ಕಥೆ ಹೇಳಬೇಕು. ಇಂದುವಿನ ತಂದೆ ಮುನಿಆಂಜಿನಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಲೇಔಟ್ ಆದಾಗ ತಣಿಸಂದ್ರದ ಹಳೇ ಊರಿನ ಬೀದಿಯಲ್ಲಿ ಈ ಕಟ್ಟಡ ಎಬ್ಬಿಸಿದ್ದರು. ಅವರು ತೀರಿಕೊಂಡ ಮೇಲೆ ಪಾಲಾದಾಗ ಕೆಳಗಿನ ಮನೆ ಅಣ್ಣ ಯಶವಂತನಿಗೆ, ಮೊದಲನೇ ಮಹಡಿ ತಾಯಿ ಮುನಿಲಕ್ಷ್ಮಮ್ಮನಿಗೆ, ಎರಡನೆಯದು ಇಂದುವಿಗೆ ಬಂತು. ಮದುವೆ ಬೇಡ ಎಂದು ಕೂತಿದ್ದ ಇಂದು ತಾಯಿಯ ಜೊತೆಯಲ್ಲೇ ಇದ್ದಳು. ಮೇಲಿನ ಮನೆಗೆ ಬಾಡಿಗೆದಾರರನ್ನು ನೋಡುವುದು, ಬೋರ್ಡು ಹಾಕುವುದು ಎಲ್ಲ ಅಣ್ಣನದೇ. ಅವನು ಬಿಲ್ಡರ್, ಆ ಕೆಲಸ ಅವನಿಗೆ ನೀರು ಕುಡಿದಷ್ಟು ಸಲೀಸು. ಅಲ್ಲದೆ ಒಳ್ಳೆಯವನು. ಇಂದು ಓದುವಾಗ ಫೀಸು ಕಟ್ಟಿದ್ದು ಅವನು, ತಂಗಿ ಡಾಕ್ಟರೇಟ್ ಪಡೆದಾಗ ಇಡೀ ಬೀದಿಗೆ ಫ್ಲೆಕ್ಸ್ ಹಾಕಿಸಿದ್ದೂ ಅವನೇ. ಇದನ್ನೆಲ್ಲ ಮರೆತು ಅವನನ್ನು ಬೈದರೆ ಅದು ಅನ್ಯಾಯವಾಗುತ್ತದೆ.

ಇಂದು ವಿಷಯ ತೆಗೆದ ದಿನ ಅವನು ತಾಯಿಯ ಮನೆಯಲ್ಲಿ ಕೂತು ಮುದ್ದೆ ಮುರಿಯುತ್ತಿದ್ದ. ಕೈ ನಿಂತಿತು. ನಮ್ಮದೇನೂ ಇಲ್ಲ ಕಣಮ್ಮ ಎಂದೇ ಶುರು ಮಾಡಿದ. ಇಂದುವಿಗೆ ನಗು ಬಂತು, ಅಳುವೂ ಬಂತು. ಇಷ್ಟು ಗಲ್ಲಿ ಸುತ್ತಿ ಬರೆದುಕೊಂಡ ಮಾತು ಈಗ ತನ್ನ ಮನೆಯ ತಟ್ಟೆಯ ಮುಂದೆಯೇ ಕೂತಿತ್ತಲ್ಲ. ಬೀದಿಯವರು ಏನನ್ನುತ್ತಾರೆ, ಪಟಾಲಮ್ಮನ ಗುಡಿ ಕಮಿಟಿಯಲ್ಲಿ ಈಗ ತಾನೇ ತನ್ನನ್ನು ಸೇರಿಸಿಕೊಂಡಿದ್ದಾರೆ, ಹಬ್ಬಕ್ಕೆ ನಮ್ಮ ಬಾಗಿಲಿಂದಲೇ ಮೊದಲ ಆರತಿ ಹೊರಡುವುದು, ಮೆಟ್ಟಿಲು, ಗೇಟು, ಸಂಪು ಎಲ್ಲ ಒಟ್ಟಿಗಿರುವಾಗ ನಿನ್ನ ಪಾಲು ಮಾತ್ರ ಬೇರೆ ಎಂದರೆ ಹೇಗೆ ಎಂದು ಒಂದೊಂದಾಗಿ ಹೇಳಿದ.

"ನಿನ್ನ ಗೋಡೌನ್ ಬೀಗದ ಕೈ ವಹಾಬ್ ಹತ್ರ ಇರುತ್ತಲ್ಲಣ್ಣ, ಅದಕ್ಕೆ ಬೀದಿಯವರು ಏನೂ ಅನ್ನಲ್ವಾ?" ಎಂದಳು ಇಂದು. ವಹಾಬ್ ಎಂದರೆ ಯಶವಂತನ ಕಂಬಿ ಕೆಲಸದ ಮೇಸ್ತ್ರಿ.

"ಅದು ಕೆಲಸ, ಇದು ಮನೆ" ಎಂದ ಯಶವಂತ್. ಅವನ ಪ್ರಕಾರ ಅದು ಪೂರ್ತಿ ಉತ್ತರ.

ಇಬ್ಬರ ದನಿಯೂ ಏರಿದಾಗ ಮುನಿಲಕ್ಷ್ಮಮ್ಮ ನಡುವೆ ಬಂದಳು. ಮಕ್ಕಳು ಜಗಳಾಡಿದರೆ ಅವಳಿಗೆ ಸಹಿಸಲಾಗುತ್ತಿರಲಿಲ್ಲ. "ಇಂಗೆ ಕಿತ್ತಾಡಬ್ಯಾಡಿ. ಪಟಾಲಮ್ಮನ್ನ ಊವು ಕೇಳಾನ. ಬಲಗಡೆ ಕೊಟ್ರೆ ಆ ಮಗೀನ ಕರ್ಕಂಡ್ ಬಾ. ಎಡಗಡೆ ಕೊಟ್ರೆ ಬಾಯಿ ಮುಚ್ಕಂಡಿರು. ಅವಳು ಏನಂತಾಳೋ ಅದೇ" ಎಂದಳು.

ಹೂ ಕೇಳುವುದು ಈ ಊರುಗಳಲ್ಲಿ ಹೊಸದಲ್ಲ. ಮದುವೆ ಕುದುರಿಸುವಾಗ, ಬೋರ್‌ವೆಲ್ ಕೊರೆಸುವಾಗ, ಆಪರೇಷನ್ನಿಗೆ ಹೋಗುವಾಗ ದೇವಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಕೈ ಮುಗಿದು ನಿಲ್ಲುತ್ತಾರೆ. ಬಲಗಡೆಯದು ಮೊದಲು ಉದುರಿದರೆ ಅಪ್ಪಣೆ ಆಯಿತು ಎಂದು ಲೆಕ್ಕ, ಎಡಗಡೆಯದು ಉದುರಿದರೆ ಬೇಡ. ಆದರೆ ಬಾಡಿಗೆದಾರರಿಗೆ ಹೂ ಕೇಳಿದವರನ್ನು ಇಂದು ಈವರೆಗೆ ಕಂಡಿರಲಿಲ್ಲ. ಹಿಂದೆ ಇದ್ದ ಬ್ಯಾಂಕಿನವನಿಗೆ ಕೇಳಿರಲಿಲ್ಲ, ಬಾಡಿಗೆ ಮುಳುಗಿಸಿ ಓಡಿಹೋದ ಜಿಮ್‌ನವನಿಗಂತೂ ಮುಖ ನೋಡಿಯೇ ಬೀಗದ ಕೈ ಕೊಟ್ಟಿದ್ದರು. ಇದನ್ನು ಅವಳು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಅವಳ ತಲೆಯಲ್ಲಿ ಬೇರೆಯದೇ ಲೆಕ್ಕ ಓಡುತ್ತಿತ್ತು.

ಗುಡಿಯಲ್ಲಿ ಒಂದು ಕಟ್ಟಳೆ ಇತ್ತು. ಹೂ ಕೇಳುವವನು ತನ್ನ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಎಲ್ಲರಿಗೂ ಕೇಳುವಂತೆ, ಏನು, ಯಾರಿಗೆ, ಯಾತಕ್ಕೆ ಎಂದು ಬಿಡಿಸಿ ಬಾಯಿ ಬಿಟ್ಟು ಹೇಳಬೇಕು. ಅಣ್ಣ ಪಟಾಲಮ್ಮನ ಮುಂದೆ ನಿಂತು ಇವರು ಸಾಬರು, ಅದಕ್ಕೇ ಮನೆ ಕೊಡಲು ನನಗೆ ಇಷ್ಟವಿಲ್ಲ ಎಂದು ಬಾಯಿ ಬಿಟ್ಟು ಹೇಳಲಾರ. ದೇವರ ಮುಖ ನೆನೆದಾಗ ಜನಕ್ಕೆ ನಾಚಿಕೆಯಾಗುತ್ತದೆ, ಇದು ತಾನೇ ಕಂಡುಹಿಡಿದ ಸತ್ಯ. ಹೂವಿನವರೆಗೂ ಹೋಗುವುದೇ ಇಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು. ಸರಿ, ಕೇಳೋಣ, ಪಟಾಲಮ್ಮ ಹೇಳಿದ್ದಕ್ಕೆ ಒಪ್ಪುತ್ತೇನೆ ಎಂದುಬಿಟ್ಟಳು. ವಿದ್ಯೆ ತಲೆಗೇರುವುದು ಎಂದರೆ ಇದೇ ಇರಬೇಕು.

ಜಬೀನಳಿಗೆ ಫೋನು ಮಾಡಿ ಇದನ್ನು ಹೇಳಿದಳು. ಅಲ್ಲಿ ನನ್ನ ಹೆಸರು ಹೇಳುತ್ತಾರಾ ಎಂದು ಜಬೀನ್ ಮೊದಲು ಕೇಳಿದಳು. ಹೇಳಬೇಕಾಗುತ್ತದೆ ಎಂದಳು ಇಂದು. ಎಡಗಡೆಯದು ಬಿದ್ದರೆ ಎಂದು ಜಬೀನ್ ಕೇಳಿದಳು. ಅಲ್ಲಿಯವರೆಗೆ ಹೋಗುವುದಿಲ್ಲ, ನಮ್ಮ ಸಂಶೋಧನೆಯೇ ಹೇಳುತ್ತದಲ್ಲ ಎಂದು ಇಂದು ಧೈರ್ಯ ತುಂಬಿದಳು.

"ಮೇಡಂ, ನಾವು ಕೇಳಿದ್ದು ಜನಾನ" ಎಂದಳು ಜಬೀನ್. "ಹೂವನ್ನ ಕೇಳಿಲ್ಲ."

ಶುಕ್ರವಾರ ಬೆಳಿಗ್ಗೆ ಪಟಾಲಮ್ಮನ ಗುಡಿ. ಸುತ್ತ ಅಪಾರ್ಟ್‌ಮೆಂಟುಗಳು ಎದ್ದು ಗುಡಿ ತಗ್ಗಿನಲ್ಲಿ ಬಿದ್ದಂತಿತ್ತು, ಆದರೆ ಒಳಗೆ ಹೋದರೆ ಹಳೇ ಊರಿನವರೇ. ಪೂಜಾರಿ ಲಕ್ಕಣ್ಣ, ಕಮಿಟಿಯ ಕೆಲವರು, ನಿಂಬೆಹಣ್ಣಿನ ದೀಪ ಹಚ್ಚಲು ಬಂದಿದ್ದ ಹೆಂಗಸರು. ಎಲ್ಲರೂ ಇಂದುವನ್ನು ಎತ್ತಿ ಆಡಿಸಿದವರು. ಏನು ವಿಷಯ ಎಂದು ಎಲ್ಲರಿಗೂ ಆಗಲೇ ಗೊತ್ತಿತ್ತು, ಗೊತ್ತಿಲ್ಲದವರಂತೆ ನಿಂತಿದ್ದರು.

ಲಕ್ಕಣ್ಣ ಕಣಗಿಲೆ ಹೂವನ್ನು ನೀರಲ್ಲಿ ಅದ್ದಿ ದೇವಿಯ ಎರಡು ಭುಜಕ್ಕೂ ಅಂಟಿಸಿ, ಕೇಳಪ್ಪ ಎಂದ. ಯಶವಂತ್ ಕೈ ಮುಗಿದು, ಅಮ್ಮಾ, ಮನೆ ಬಾಡಿಗೆ ವಿಷಯ, ಕೊಡಬೇಕೋ ಬೇಡವೋ ಹೇಳು ತಾಯಿ ಎಂದ. ಹಂಗೆ ಕೇಳಿದರೆ ಆಗಲ್ಲ, ಯಾರಿಗೆ, ಯಾಕೆ ಅನುಮಾನ, ಬಿಡಿಸಿ ಹೇಳು ಎಂದ ಲಕ್ಕಣ್ಣ. ಅವನು ಎಲ್ಲರಿಗೂ ಹಾಗೇ ಹೇಳುವುದು. ಜಬೀನ್ ಅಂತ ಒಂದು ಹುಡುಗಿ, ಅವರಮ್ಮ, ಬಾಡಿಗೆ ಸರಿಯಾಗಿ ಕೊಡುತ್ತಾರೋ ಇಲ್ಲವೋ ಎಂದು ಅನುಮಾನ ಎಂದ ಯಶವಂತ್.

"ಅದಲ್ಲ ನಿನ್ನ ಅನುಮಾನ" ಎಂದಳು ಇಂದು. "ಅಮ್ಮನ ಹತ್ರಾನೂ ಪೇಂಟು ಮಾಡಿಸ್ಬೇಕು ಅನ್ಬೇಡಣ್ಣ. ನಿಜ ಕೇಳು."

ಯಶವಂತನ ಕುತ್ತಿಗೆ ಕೆಂಪಾಯಿತು. ಅವನು ದೇವಿಯ ಮುಖ ನೋಡಿದ, ನೆಲ ನೋಡಿದ. ಇಂದುವಿಗೆ ಗೆದ್ದೆ ಎನಿಸಿತು. ಜಗಲಿಗಳಲ್ಲಿ ಎಷ್ಟೋ ಸಲ ಕಂಡಿದ್ದ ಮುಖವೇ ಅದು. ಇನ್ನೊಂದು ಗಳಿಗೆ, ಬಿಡು ಕರೆದುಕೊಂಡು ಬಾ ಎನ್ನುತ್ತಾನೆ ಎಂದು ಕಾದಳು.

ಯಶವಂತ್ ತಲೆ ಎತ್ತಿದ. "ಅಮ್ಮಾ, ಅವರು ಸಾಬರು. ಅದಕ್ಕೇ ನನಗೆ ಇಷ್ಟ ಇಲ್ಲ. ಬೇರೆ ಏನೂ ಇಲ್ಲ. ಕೊಡ್ಬೇಕೋ ಬೇಡ್ವೋ ನೀನೇ ಹೇಳು."

ಹೇಳೇಬಿಟ್ಟ! ತಡವರಿಸದೆ, ಬಣ್ಣ ಹಚ್ಚದೆ ಹೇಳಿದ. ಅಲೆದಾಡಿದ ಅಷ್ಟೂ ಗಲ್ಲಿಗಳಲ್ಲಿ ಒಬ್ಬನೂ ಇಂದುವಿನ ಮುಂದೆ ಇಷ್ಟು ನೇರವಾಗಿ ಆಡದ ಮಾತನ್ನು ಅವಳ ಅಣ್ಣ ದೇವರ ಮುಂದೆ ಆಡಿದ. ಅವಳಿಗೆ ಅವನ ಮೇಲೆ ಸಿಟ್ಟು ಬರುವ ಬದಲು ಒಂದು ಥರದ ಗೌರವವೇ ಬಂತು. ಆಮೇಲೆ ಭಯವಾಯಿತು. ಯಾಕೆಂದರೆ ಇನ್ನು ಉಳಿದಿದ್ದು ಹೂವು ಮಾತ್ರ, ಆ ಹೂವಿಗೆ ಇಂದುವಿನ ಸಂಶೋಧನೆ ಗೊತ್ತಿರಲಿಲ್ಲ.

ಎಲ್ಲರೂ ಕಣ್ಣು ಮಿಟುಕಿಸದೆ ನಿಂತರು. ಹೂ ಜಾರಿತು. ಎಡಗಡೆಯದು.

ಯಾರೂ ಸಂಭ್ರಮಿಸಲಿಲ್ಲ, ಅಷ್ಟು ಕೆಟ್ಟವರಲ್ಲ ಅವರು. ಉಸಿರು ಬಿಟ್ಟರು, ಅಷ್ಟೇ. ಮುನಿಲಕ್ಷ್ಮಮ್ಮ ಕೆನ್ನೆ ಬಡಿದುಕೊಂಡಳು. ಲಕ್ಕಣ್ಣ ಮಂಗಳಾರತಿ ತಟ್ಟೆ ಎತ್ತಿಕೊಂಡ. ಯಶವಂತ್ ತಂಗಿಯ ಹೆಗಲ ಮೇಲೆ ಕೈಯಿಟ್ಟು, ಹೋಗಲಿ ಬಿಡು, ಆ ಹುಡುಗಿಗೆ ಬೇರೆ ಕಡೆ ನಾನೇ ಹುಡುಕಿಕೊಡುತ್ತೇನೆ, ನಾಗವಾರದ ಕಡೆ ಅವರ ಜನ ಬೇಕಾದಷ್ಟಿದ್ದಾರೆ ಎಂದ. ಅವನು ನಿಜವಾಗಿಯೂ ಹುಡುಕಿಕೊಡುತ್ತಿದ್ದ. ಇಂದುವಿನ ಕಣ್ಣ ಮುಂದೆ ಮಾತ್ರ ಜಬೀನ್ ಚಹಾದ ಲೋಟ ಕೆಳಗಿಟ್ಟು ನಗುತ್ತಾ ಕೂತಿದ್ದಳು. ಈಗ ಅವಳಿಗೆ ಏನೆಂದು ಹೇಳುವುದು? ತಮ್ಮನ ಮಗ ಬರುತ್ತಾನೆ ಎಂದಾ? ಪಟಾಲಮ್ಮ ಬೇಡ ಅಂದಳು ಎಂದಾ? ಎರಡರಲ್ಲಿ ಯಾವುದು ಹೆಚ್ಚು ಮರ್ಯಾದೆಯ ನೆಪ?

ಇಂದು ಅಣ್ಣನ ಕೈ ತೆಗೆದು, ಗರ್ಭಗುಡಿಯ ಹೊಸ್ತಿಲ ಹತ್ತಿರ ಹೋಗಿ ನಿಂತಳು.

"ನೀನು ಬೇಡ ಅಂದಿದ್ದು ಕೇಳಿಸ್ತಮ್ಮ. ನಾನು ಒಪ್ಪಲ್ಲ. ಅವರನ್ನ ಕರ್ಕೊಂಡು ಬರ್ತೀನಿ."

ಲಕ್ಕಣ್ಣನ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಮುನಿಲಕ್ಷ್ಮಮ್ಮ ಮುಂದೆ ಬಂದು ಮಗಳ ತೋಳು ಹಿಡಿದಳು. "ಯಾರ್ ಮುಂದೆ ನಿಂತ್ಕಂಡು ಏನ್ ಮಾತಾಡ್ತಿದೀಯಾ ಅಂತ ಗ್ಯಾನ ಐತಾ ನಿಂಗೆ?"

"ಇದೆ ಕಣಮ್ಮ. ಅದಕ್ಕೇ ಇಲ್ಲೇ ನಿಂತು ಹೇಳ್ತಿದೀನಿ. ಬೆನ್ನ ಹಿಂದೆ ಹೋಗಿ ಹೇಳಲ್ಲ."

ಯಶವಂತನಿಗೆ ಈಗ ಸಿಟ್ಟು ನೆತ್ತಿಗೇರಿತು. ನೀನೂ ಒಪ್ಪಿದ್ದೆ, ಅಮ್ಮ ಏನಂದರೆ ಅದೇ ಅಂದಿದ್ದೆ, ಬಲಗಡೆ ಬಿದ್ದಿದ್ದರೆ ನಾನು ಬಾಯಿ ಮುಚ್ಚಿಕೊಂಡು ಬೀಗದ ಕೈ ಕೊಡುತ್ತಿದ್ದೆ ಎಂದ. ಅದು ನಿಜ, ಕೊಡುತ್ತಿದ್ದ. ಅವನ ಮಾತಿಗೆ ಅವನು ನಿಲ್ಲುವವನು. ಮಾತು ತಪ್ಪುತ್ತಿದ್ದವಳು ಇಂದು. ಅವಳಿಗೂ ಅದು ಗೊತ್ತಿತ್ತು, ಗೊತ್ತಿದ್ದೇ ತಪ್ಪಿದಳು.

"ಒಪ್ಪಿದ್ದೆ. ಅದು ನಾನು ಮಾಡಿದ ತಪ್ಪು. ಇನ್ನೊಬ್ಬರ ತಲೆ ಮೇಲಿನ ಸೂರನ್ನ ಪಂದ್ಯಕ್ಕೆ ಇಟ್ಟೆ. ಬಲಗಡೆ ಬಿದ್ದಿದ್ರೂ ಅದು ತಪ್ಪೇ ಆಗಿರೋದು. ಬ್ಯಾಂಕಿನವನಿಗೆ ಕೇಳದ ಹೂವನ್ನ ಅವಳಿಗೆ ಯಾಕೆ ಕೇಳ್ಬೇಕಿತ್ತು?"

ದೇವಿಯ ಮಾತು ಮೀರುತ್ತೀಯಾ ಎಂದು ತಾಯಿ ಮತ್ತೆ ಕೇಳಿದಳು. ಗುಡಿಯಲ್ಲಿದ್ದವರೆಲ್ಲ ಇಂದುವಿನ ಬಾಯನ್ನೇ ನೋಡುತ್ತಿದ್ದರು. ಹುಟ್ಟಿದಾಗಿನಿಂದ ಮಂಗಳವಾರ ಶುಕ್ರವಾರ ಈ ಹೊಸ್ತಿಲಿಗೆ ಹಣೆ ಹಚ್ಚಿದ ಹುಡುಗಿ ಅವಳು. ದೇವರಿಲ್ಲ ಎನ್ನುವವಳಾಗಿದ್ದರೆ ಎಷ್ಟೋ ಸುಲಭವಿತ್ತು, ಹೂ ಭಾರಕ್ಕೆ ಬಿತ್ತು, ನೀರು ಆರಿತು ಎಂದು ಕೈ ಝಾಡಿಸಿ ಹೊರಡಬಹುದಿತ್ತು. ಅವಳು ಹಾಗೆ ಹೇಳಲಿಲ್ಲ.

"ಮೀರ್ತೀನಿ" ಎಂದಳು.

ಮಂಗಳಾರತಿಗೆ ನಿಲ್ಲದೆ ಹೊರಬಂದಳು. ಅವಳು ಹೆದರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಚೆನ್ನಾಗಿಯೇ ಹೆದರಿದ್ದಳು.

ಶನಿವಾರ ನಂದಕುಮಾರ್ ಅವರ ಕೋಣೆಗೆ ಹೋಗಿ ಗುಡಿಯಲ್ಲಿ ನಡೆದದ್ದನ್ನು ತಿಳಿಸಿ, ಸಂಶೋಧನೆಯ ಕೊನೆಯ ಸಲಹೆಯನ್ನು ತೆಗೆಯುತ್ತೇನೆ ಎಂದಳು. ಅಂಕಿಅಂಶಗಳನ್ನು ಮುಟ್ಟುವುದಿಲ್ಲ, ಜನ ತಮ್ಮ ದೇವರನ್ನು ತಮಗಿಂತ ಒಳ್ಳೆಯವರೆಂದು ತಿಳಿದಿದ್ದಾರೆ ಎಂಬ ಮಾತು ಹಾಗೇ ಇರುತ್ತದೆ. ಆದರೆ ಮನೆ ಕೊಡುವ ಮೊದಲು ದೇವರನ್ನು ಕೇಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನಂದಕುಮಾರ್ ಕನ್ನಡಕ ತೆಗೆದು ಒರೆಸಿದರು. ಮಂಡಳಿಯವರಿಗೆ ಹಿಡಿಸಿದ್ದು ಅದೊಂದೇ ಸಾಲು, ಬ್ಯಾನರ್ ಪ್ರಿಂಟಿಗೂ ಕೊಟ್ಟಾಗಿದೆ, ಒಂದೇ ಒಂದು ಹೂ ಬಿದ್ದದ್ದಕ್ಕೆ ಇಷ್ಟು ದೊಡ್ಡ ಕೆಲಸವನ್ನು ಯಾರಾದರೂ ತಿದ್ದುತ್ತಾರಾ ಎಂದು ಸಮಾಧಾನವಾಗಿಯೇ ಕೇಳಿದರು.

"ಹೂ ಬಿದ್ದದ್ದಕ್ಕಲ್ಲ ಸರ್" ಎಂದಳು ಇಂದು. "ದೇವರು ಹೂಂ ಅಂದ್ರೆ ಮಾತ್ರ ಅವರಿಗೆ ಮನೆ ಅಂತ ನಾನೇ ಬರೆದಿದ್ದೆನಲ್ಲ, ಅದಕ್ಕೆ."

ಹಾಗಾದರೆ ಮುಂದಿನ ವರ್ಷದ ಅನುದಾನದ ಬಗ್ಗೆ ತಾನು ಮಾತು ಕೊಡಲಾರೆ ಎಂದರು ಅವರು. ಕೊಡಬೇಡಿ ಎಂದು ಇಂದು ಎದ್ದು ಬಂದಳು. ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿಕೊಂಡಿತು, ಗಾಳಿಗಂತೂ ಅಲ್ಲ.

ಅಂದು ಸಂಜೆ ಜಬೀನಳಿಗೆ ಫೋನು ಮಾಡಿ ನಾಳೆಯೇ ಬನ್ನಿ ಎಂದಳು. ಏನಾಯಿತು ಎಂದು ಜಬೀನ್ ಕೇಳಿದ್ದಕ್ಕೆ, ಬನ್ನಿ ಎಂದಷ್ಟೇ ಮತ್ತೆ ಹೇಳಿದಳು. ಹೂವಿನ ಮಾತು ಬಾಯಿಗೆ ಬರಲಿಲ್ಲ. ಬಂದು ನೆಲೆ ನಿಲ್ಲಲಿ, ಆಮೇಲೆ ಎಂದಾದರೂ ಹೇಳಿದರಾಯಿತು ಎಂದುಕೊಂಡಳು. ಮನೆಯಲ್ಲಿ ತಾಯಿ ಮಾತು ಬಿಟ್ಟಿದ್ದಳು. ಅನ್ನ ಮಾಡಿಟ್ಟು, ಬಡಿಸದೆ, ಮುಖ ಗೋಡೆಗೆ ಹಾಕಿ ಮಲಗಿದ್ದಳು. ಆ ಬೆನ್ನು ನೋಡಿಕೊಂಡು ಇಂದು ಒಬ್ಬಳೇ ಉಂಡಳು, ಪೂರ್ತಿ ಉಂಡಳು.

ಭಾನುವಾರ ಬೆಳಿಗ್ಗೆ ಗೂಡ್ಸ್ ಗಾಡಿ ಬಂದು ಮನೆ ಮುಂದೆ ನಿಂತಿತು. ಹಾಸಿಗೆ ಸುರುಳಿ, ಪುಸ್ತಕದ ರಟ್ಟಿನ ಡಬ್ಬಗಳು, ಹೊಲಿಗೆ ಮೆಷಿನ್, ಒಂದು ಹಳೇ ಕಾಲದ ಉಕ್ಕಿನ ಬೀರು. ಡ್ರೈವರ್ ಪಕ್ಕದಿಂದ ನಜ್ಮುನ್ನೀಸಾ ಮೊಣಕಾಲು ಹಿಡಿದುಕೊಂಡು ಇಳಿದಳು, ಹಿಂದಿನಿಂದ ಜಬೀನ್. ಎದುರು ಮನೆಯವರು ಗೇಟಿಗೆ ಬಂದರು, ಪಕ್ಕದ ಮನೆಯವರು ಬಾಲ್ಕನಿಗೆ. ಮೊದಲನೇ ಮಹಡಿಯ ಕಿಟಕಿಯ ಹಿಂದೆ ಮುನಿಲಕ್ಷ್ಮಮ್ಮ ನಿಂತಿದ್ದಳು. ಯಶವಂತ್ ಗೇಟಿಗೆ ಅಡ್ಡ ನಿಂತಿದ್ದ. ಕೈಯೆತ್ತುವ, ಬೈಯುವ ಜಾಯಮಾನ ಅವನದಲ್ಲ. ಆದರೆ ಇಡೀ ಬೀದಿ ನೋಡುತ್ತಿತ್ತಲ್ಲ, ಏನಾದರೂ ಹೇಳಲೇಬೇಕಿತ್ತು.

ಅವನು ನಜ್ಮುನ್ನೀಸಾಗೆ ಮರ್ಯಾದೆಯಿಂದಲೇ ಹೇಳಿದ. "ನೋಡಿ ಆಂಟಿ, ನಿಮಗೆ ಗೊತ್ತಿರಲಿ. ನಿಮ್ಮನ್ನ ಸೇರಿಸ್ಕೊಳ್ಳೋಕೆ ನಮ್ಮ ದೇವಿ ಅಪ್ಪಣೆ ಕೊಟ್ಟಿಲ್ಲ. ಬೇಡ ಅಂದವಳೆ."

ಹಾಸಿಗೆ ಇಳಿಸುತ್ತಿದ್ದ ಕೂಲಿಯವನು ಕೈ ನಿಲ್ಲಿಸಿದ. ಜಬೀನ್ ಇಂದುವಿನ ಕಡೆ ನೋಡಿದಳು. ನಜ್ಮುನ್ನೀಸಾ ಕೂಡ ನೋಡಿದಳು. ಹೌದಾ ಮೇಡಂ ಎಂದು ಕೇಳಿದಳು.

ಇಲ್ಲ, ಅವನು ಸುಮ್ಮನೆ ಹೇಳುತ್ತಿದ್ದಾನೆ ಎಂಬ ಮಾತು ಇಂದುವಿನ ನಾಲಿಗೆಯ ತುದಿಯವರೆಗೆ ಬಂತು. ಹೇಳಿದ್ದರೆ ಆ ತಾಯಿ ನೆಮ್ಮದಿಯಾಗಿ ಮೆಟ್ಟಿಲು ಹತ್ತುತ್ತಿದ್ದಳು, ಬೀದಿಯೂ ಅರ್ಧ ನಂಬುತ್ತಿತ್ತು. ಆದರೆ ಅಣ್ಣ ದೇವರ ಮುಂದೆ ನಿಜ ಹೇಳಿದ್ದ. ಇವಳು ಬಾಡಿಗೆಗೆ ಬಂದ ಹೆಂಗಸಿನ ಮುಂದೆ ಸುಳ್ಳು ಹೇಳಿದರೆ ಯಾವ ಮುಖ ಇಟ್ಟುಕೊಂಡು ಪಾಠ ಮಾಡುವುದು?

"ಹೌದು" ಎಂದಳು, ಕಿಟಕಿಗೂ ಬಾಲ್ಕನಿಗೂ ಕೇಳುವ ಹಾಗೆ. "ಪಟಾಲಮ್ಮ ಬೇಡ ಅಂದಳು. ಬನ್ನಿ ಅಂತಿರೋದು ನಾನು."

ನಜ್ಮುನ್ನೀಸಾ ತಿಂಗಳಿಂದ ಮನೆ ಹುಡುಕಿ ಅಲೆದವಳು, ಬೇಡ ಎನ್ನುವುದಕ್ಕೆ ಜನ ಹೇಳುವ ಕಾರಣವನ್ನೆಲ್ಲ ಕೇಳಿದವಳು. ಬನ್ನಿ ಎನ್ನುವುದಕ್ಕೆ ಯಾರಾದರೂ ತಮ್ಮ ದೇವರನ್ನೇ ಎದುರು ಹಾಕಿಕೊಂಡದ್ದನ್ನು ಕಂಡಿರಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಯಶವಂತನ ಕಡೆ ತಿರುಗಿದಳು.

"ನಾನು ಬಾಡಿಗೆಗೆ ಬಂದಿರೋದು ಇವರ ಮನೆಗೆ ಬೇಟಾ, ಇವರು ಬನ್ನಿ ಅಂದ್ರು, ಬಂದಿದೀನಿ. ಸ್ವಲ್ಪ ಗೇಟು ಬಿಡಪ್ಪ, ಬೀರು ಭಾರ ಇದೆ."

ಬೀರು ಆಗಲೇ ಗಾಡಿಯಿಂದ ಇಳಿದು, ಹೊತ್ತವರ ಹೆಗಲ ಮೇಲೆ ಗೇಟಿನವರೆಗೂ ಬಂದಿತ್ತು. ಹೊತ್ತವರು ಏದುಸಿರು ಬಿಡುತ್ತಾ ನಿಂತಿದ್ದರು. ಯಶವಂತ್ ಬೀದಿ ನೋಡಿದ, ಮೇಲೆ ತಾಯಿಯ ಕಿಟಕಿ ನೋಡಿದ, ಕೊನೆಗೆ ತಂಗಿಯ ಮುಖ ನೋಡಿದ. ಅವಳು ಕಣ್ಣು ಕೆಳಗೆ ಹಾಕಲಿಲ್ಲ. ಅವನು ಗೇಟಿನಿಂದ ಪಕ್ಕಕ್ಕೆ ಸರಿದ.